ಓದುಗರ ಪ್ರಶ್ನೆ: ನೀರಿಗೂ ಮೈಲಿಗೆಯೇ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಳೆ ಹಿಡಿದು ಮೈದಾನಕ್ಕೆ ಇಳಿಯಲಾಗದ ಒಂದು ಶನಿವಾರ ಮಕ್ಕಳಿಗೆ ‘ಪ್ರೈಡ್’ ಎಂಬ ಇಂಗ್ಲಿಷ್ ಚಿತ್ರವನ್ನು ತೋರಿಸಿ, ಆಗಾಗ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದೆ. ಅಮೆರಿಕದ ಬಡ ಕಪ್ಪು ಮಕ್ಕಳ ಈಜು ತಂಡವೊಂದರ ಕಥೆ ಅದು. ಬಿಳಿಯ ಸ್ಪರ್ಧಿಗಳು ಕಪ್ಪು ಯುವಕನ ಜೊತೆ ನೀರಿಗಿಳಿಯಲು ಒಪ್ಪದ ದೃಶ್ಯ ಬಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ನೀರಿಗೂ ಮೈಲಿಗೆ ಆಗ್ತದಾ ಸರ್?” ಎಂದು ಕೇಳಿದಳು. ಇದೆಲ್ಲ ನಿಜವಾಗಿ ನಡೆದದ್ದೇ?

ಉತ್ತರ: ನಡೆದದ್ದೇ. ಆ ಹುಡುಗಿ ಆರಿಸಿಕೊಂಡ ಪದವೂ ಸರಿಯಾಗಿಯೇ ಇದೆ. ಕೆರೆಯ ನೀರು ಮುಟ್ಟುವುದಕ್ಕಾಗಿ 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರು ಸತ್ಯಾಗ್ರಹ ಮಾಡಬೇಕಾಗಿ ಬಂದ ನಾಡು ನಮ್ಮದು. ಆದ್ದರಿಂದ ಅಮೆರಿಕದ ಈಜುಕೊಳಗಳ ಚರಿತ್ರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

1919ರ ಜುಲೈ ತಿಂಗಳಲ್ಲಿ ಷಿಕಾಗೋ ನಗರದ ಮಿಶಿಗನ್ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ತೆಪ್ಪದ ಮೇಲೆ ತೇಲುತ್ತ ಬಿಳಿಯರು ತಮ್ಮದೆಂದುಕೊಂಡಿದ್ದ ನೀರಿನ ಕಡೆಗೆ ಸರಿದ. ದಡದಿಂದ ಕಲ್ಲುಗಳು ಬಂದವು, ಹುಡುಗ ಮುಳುಗಿ ಸತ್ತ, ಆನಂತರದ ಗಲಭೆಯಲ್ಲಿ 38 ಜನ ಪ್ರಾಣ ಕಳೆದುಕೊಂಡರು. ನೀರಿನ ಮೇಲೆ ಗೆರೆ ಎಳೆಯಲು ಬರುವುದಿಲ್ಲ, ಆದರೂ ಆ ಗೆರೆ ಎಲ್ಲಿದೆಯೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. 1964ರ ಜೂನ್‌ನಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟಿನ್ ಪಟ್ಟಣದ ಹೋಟೆಲೊಂದರ ಕೊಳಕ್ಕೆ ಕಪ್ಪು ಮತ್ತು ಬಿಳಿಯ ಹೋರಾಟಗಾರರು ಒಟ್ಟಿಗೆ ಇಳಿದಾಗ, ಹೋಟೆಲಿನ ವ್ಯವಸ್ಥಾಪಕ ಅವರು ಈಜುತ್ತಿದ್ದ ನೀರಿಗೇ ಆಮ್ಲ ಸುರಿದ. ಆ ಕ್ಷಣದ ಛಾಯಾಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಮರುದಿನ, ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣದ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಗೆ ಸೆನೆಟ್ ಒಪ್ಪಿಗೆ ನೀಡಿತು. ಕಾನೂನು ಬಂದರೂ ಕೊಳದ ಬಾಗಿಲು ತೆರೆಯಲಿಲ್ಲ. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರವು ಎಲ್ಲರನ್ನೂ ಒಟ್ಟಿಗೆ ಈಜಲು ಬಿಡುವುದಕ್ಕಿಂತ ಸಾರ್ವಜನಿಕ ಕೊಳಗಳನ್ನೇ ಮುಚ್ಚುವುದು ಲೇಸೆಂದು ಅದಕ್ಕೂ ಮೊದಲೇ ನಿರ್ಧರಿಸಿತ್ತು, ಮತ್ತು 1971ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು, ಎಲ್ಲರಿಗೂ ಮುಚ್ಚಿರುವುದರಿಂದ ಇದು ತಾರತಮ್ಯವಲ್ಲ ಎಂಬ ತೀರ್ಪು ಕೊಟ್ಟಿತು. ಈ ತೀರ್ಪನ್ನು ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಅದೇ 1971ರಲ್ಲಿ ಫಿಲಡೆಲ್ಫಿಯಾದಲ್ಲಿ ಜಿಮ್ ಎಲಿಸ್ ಎಂಬ ಗಣಿತದ ಮೇಷ್ಟ್ರು ಕಪ್ಪು ಮಕ್ಕಳ ಈಜು ತಂಡವೊಂದನ್ನು ಕಟ್ಟಲು ಹೊರಟರು. ನೀವು ತೋರಿಸಿದ, 2007ರಲ್ಲಿ ತೆರೆಕಂಡ ಚಿತ್ರ ಅವರ ಬದುಕನ್ನು ಆಧರಿಸಿದ್ದು. ಟೆರೆನ್ಸ್ ಹೋವರ್ಡ್ ಎಲಿಸ್ ಆಗಿ, ಬರ್ನಿ ಮ್ಯಾಕ್ ಕಟ್ಟಡ ನೋಡಿಕೊಳ್ಳುವ ಎಲ್ಸ್ಟನ್ ಆಗಿ ನಟಿಸಿದ್ದಾರೆ. ತಂಡದ ಹೆಸರು ‘ಪಿ.ಡಿ.ಆರ್.’ ಎಂಬುದು ವಾಸ್ತವದಲ್ಲಿ ನಗರದ ಮನರಂಜನಾ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಮಾತ್ರ. ಅದೇ ಅಕ್ಷರಗಳಿಗೆ ಚಿತ್ರ ಅಭಿಮಾನ, ಛಲ, ಪುಟಿದೇಳುವ ಶಕ್ತಿ ಎಂಬ ಅರ್ಥವನ್ನು ಹೊಂದಿಸಿದೆ. ಬೀದಿಯ ಬ್ಯಾಸ್ಕೆಟ್‌ಬಾಲ್ ಬಳೆಯನ್ನು ನಗರದವರು ಕಿತ್ತೊಯ್ದ ಮೇಲೆ, ಬಿಸಿಲಲ್ಲಿ ಮಾಡಲು ಏನೂ ಇಲ್ಲದೆ ನಿಂತ ಹುಡುಗರನ್ನು ಎಲಿಸ್ ಕೊಳಕ್ಕೆ ಕರೆಯುವ ದೃಶ್ಯವೂ, ಮೊದಲ ಪಂದ್ಯದಲ್ಲಿ ಆ ಹುಡುಗರು ಅನುಭವಿಸುವ ಅವಮಾನವೂ ನನಗೆ ಬಹಳ ಹಿಡಿಸಿದವು. ಎದುರಾಳಿಗಳ ಚಿತ್ರಣ ಮಾತ್ರ ತೀರ ಸರಳವಾಯಿತು.

ಒಂದು ವಿಷಯವನ್ನು ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ. ಚಿತ್ರದಲ್ಲಿ ಗೆಲುವು ಒಂದೇ ಹಂಗಾಮಿನಲ್ಲಿ ಬರುತ್ತದೆ. ನಿಜದ ಎಲಿಸ್ ದಶಕಗಟ್ಟಲೆ ಕೊಳದ ದಡದಲ್ಲಿ ನಿಂತು, ಈಜು ಬಾರದ ಮಕ್ಕಳಿಗೆ ಕಾಲು ಬಡಿಯುವುದರಿಂದ ಹಿಡಿದು ಕಲಿಸಿ, ಅವರಲ್ಲಿ ಕೆಲವರನ್ನು ಒಲಿಂಪಿಕ್ ಆಯ್ಕೆ ಸ್ಪರ್ಧೆಯವರೆಗೆ ಮುಟ್ಟಿಸಿದರು. ಮೇಷ್ಟ್ರಾದ ನಿಮಗೆ ಆ ವರ್ಷಗಳ ಬೆಲೆ ನನಗಿಂತ ಚೆನ್ನಾಗಿ ತಿಳಿದಿರುತ್ತದೆ.

ಪ್ರಶ್ನೆ: ಕಪ್ಪು ಜನರ ಮೂಳೆ ಭಾರ, ಅದಕ್ಕೇ ಅವರು ಈಜಿನಲ್ಲಿ ಕಾಣಿಸುವುದಿಲ್ಲ ಎಂದು ನನ್ನ ಗೆಳೆಯ ವಾದಿಸುತ್ತಾನೆ. ಇದರಲ್ಲಿ ಹುರುಳಿದೆಯೇ? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಇಲ್ಲ. 1987ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಹಿರಿಯ ಅಧಿಕಾರಿಯೇ ಟಿ.ವಿ.ಯಲ್ಲಿ ಇಂಥ ಮಾತಾಡಿ ಕೆಲಸ ಕಳೆದುಕೊಂಡ. ಶ್ವಾಸಕೋಶದಲ್ಲಿ ನಿಲ್ಲುವ ಗಾಳಿ, ಮೈಯ ಕೊಬ್ಬು, ಎಲ್ಲಕ್ಕಿಂತ ಹೆಚ್ಚಾಗಿ ಅಭ್ಯಾಸ, ಇವು ತೇಲುವಿಕೆಯನ್ನು ನಿರ್ಧರಿಸುತ್ತವೆ. ಆ ವಾದ ಮುಗಿಯುವ ಮೊದಲೇ, 1988ರ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಸುರಿನಾಮ್ ಎಂಬ ಪುಟ್ಟ ದೇಶದ ಆಂಥನಿ ನೆಸ್ಟಿ ಅಮೆರಿಕದ ಮ್ಯಾಟ್ ಬಿಯಾಂಡಿಯನ್ನು ಸೆಕೆಂಡಿನ ನೂರರ ಒಂದು ಭಾಗದ ಅಂತರದಲ್ಲಿ ಸೋಲಿಸಿ ಚಿನ್ನ ಗೆದ್ದಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡಕ್ಕೆ ಅವರೇ ಮುಖ್ಯ ತರಬೇತುದಾರರು. 2016ರಲ್ಲಿ ರಿಯೋದಲ್ಲಿ ಸಿಮೋನ್ ಮ್ಯಾನುಯೆಲ್ 100 ಮೀಟರ್ ಫ್ರೀಸ್ಟೈಲ್‌ನ ಚಿನ್ನವನ್ನು ಕೆನಡಾದ ಈಜುಗಾರ್ತಿಯೊಂದಿಗೆ ಹಂಚಿಕೊಂಡರು; ಈಜಿನ ವೈಯಕ್ತಿಕ ಚಿನ್ನ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಅವರು.

ನಮ್ಮ ಘಟ್ಟದ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ತರಬೇತಿಗೆ ಆರಿಸಿದಾಗ ಇದೇ ನಂಬಿಕೆ ತಿರುಗುಮುರುಗಾಗಿತ್ತು: ಆಫ್ರಿಕಾ ಮೂಲದ ಮೈಯಾದ್ದರಿಂದ ಓಡಿಯೇ ಓಡುತ್ತಾರೆ ಎಂದು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಅಲ್ಲಿ ಆಗದು ಎಂದವರೂ ಇಲ್ಲಿ ಆಗಿಯೇ ಆಗುತ್ತದೆ ಎಂದವರೂ ಮಗುವಿಗಿಂತ ಮೊದಲು ಅದರ ಬಣ್ಣವನ್ನು ನೋಡಿದರು.

ಪ್ರಶ್ನೆ: ಆ ಚಿತ್ರ ನೋಡಿ ಬಂದ ದಿನದಿಂದ ನನ್ನ ಮಗಳು ಈಜು ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಈಜಿದವರಲ್ಲ. ನನಗೆ ಹೊಳೆ ಕಂಡರೇ ಭಯ. ಏನು ಮಾಡಲಿ? (ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ)

ಉತ್ತರ: ನಾನೂ ತುಂಗೆಯ ದಡದಲ್ಲೇ ಬೆಳೆದವಳು. ನನ್ನ ಅಣ್ಣ ಬೇಸಿಗೆಯಲ್ಲಿ ಬಾಳೆದಿಂಡು ಕಟ್ಟಿಕೊಂಡು ಈಜು ಕಲಿತ. ನಾನು ಅವನ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ. ಅಮ್ಮನಿಗೆ ಬರುತ್ತಿರಲಿಲ್ಲ, ಅಜ್ಜಿಗೂ ಬರುತ್ತಿರಲಿಲ್ಲ. ಹಾಗಾಗಿ ಅವರ ಭಯವೇ ನನಗೂ ಬಂತು. ಅಮೆರಿಕದಲ್ಲಿ ಆದದ್ದೂ ಇದೇ: ಒಂದು ತಲೆಮಾರನ್ನು ಕೊಳದಿಂದ ಹೊರಗಿಟ್ಟರೆ ಮುಂದಿನ ತಲೆಮಾರನ್ನು ತಾಯಂದಿರೇ ಭಯದಿಂದ ಹೊರಗಿಡುತ್ತಾರೆ. ಅಲ್ಲಿಯ ರೋಗ ನಿಯಂತ್ರಣ ಕೇಂದ್ರವು 1999ರಿಂದ 2010ರವರೆಗಿನ ಸಾವುಗಳನ್ನು ಲೆಕ್ಕಹಾಕಿದಾಗ, 5ರಿಂದ 19 ವರ್ಷದ ಕಪ್ಪು ಮಕ್ಕಳು ಈಜುಕೊಳದಲ್ಲಿ ಮುಳುಗಿ ಸಾಯುವ ಪ್ರಮಾಣ ಬಿಳಿಯ ಮಕ್ಕಳಿಗಿಂತ ಐದೂವರೆ ಪಟ್ಟು ಹೆಚ್ಚಿರುವುದು ಕಂಡುಬಂತು.

ಕಲೆನ್ ಜೋನ್ಸ್ ಎಂಬ ಹುಡುಗ ಐದನೆಯ ವಯಸ್ಸಿನಲ್ಲಿ ಪೆನ್ಸಿಲ್ವೇನಿಯಾದ ವಾಟರ್ ಪಾರ್ಕೊಂದರಲ್ಲಿ ಮುಳುಗಿ ಬದುಕಿದ. ಅವನ ತಾಯಿಗೂ ಈಜು ಬರುತ್ತಿರಲಿಲ್ಲ. ಆದರೆ ಆಕೆ ಮಗನನ್ನು ನೀರಿನಿಂದ ದೂರವಿಡಲಿಲ್ಲ, ಈಜು ತರಗತಿಗೆ ಸೇರಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 4×100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಚಿನ್ನ ಗೆದ್ದು ವಿಶ್ವದಾಖಲೆ ಬರೆದ ತಂಡದಲ್ಲಿ ಮೈಕೆಲ್ ಫೆಲ್ಪ್ಸ್ ಜೊತೆ ಈಜಿದವರು ಅದೇ ಜೋನ್ಸ್.

ನಿಮ್ಮ ಭಯಕ್ಕೆ ಕಾರಣವಿದೆ. ಮಳೆಗಾಲದ ತುಂಗೆ ಯಾರ ಮಾತನ್ನೂ ಕೇಳುವುದಿಲ್ಲ. ಬೇಸಿಗೆಯಲ್ಲಿಯೂ ಮೇಲೆ ಶಾಂತವಾಗಿ ಕಾಣುವ ಮಡುವಿನ ಒಳಗೆ ಸುಳಿಯಿರುತ್ತದೆ, ಪಾಚಿ ಹಿಡಿದ ಬಂಡೆಯಿರುತ್ತದೆ. ಆದ್ದರಿಂದ ಹೊಳೆಯಲ್ಲಿ ಕಲಿಸಬೇಡಿ. ರಜೆಯಲ್ಲಿ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿಟ್ಟಾದರೂ, ಆಳದ ಗುರುತಿರುವ, ಕಾವಲುಗಾರರಿರುವ ಕೊಳದಲ್ಲಿ ತರಬೇತುದಾರರ ಕೈಗೊಪ್ಪಿಸಿ. ಮೊದಲ ವಾರ ವೇಗದ ಮಾತು ಬೇಡ. ನೀರಿನಲ್ಲಿ ಮುಖ ಅದ್ದಿ ಉಸಿರು ಬಿಡುವುದು, ಬೆನ್ನ ಮೇಲೆ ಅಲುಗಾಡದೆ ತೇಲುವುದು, ಅಷ್ಟು ಸಾಕು. ಕೃಷಿ ಹೊಂಡವಾಗಲಿ ಹೊಳೆಯಾಗಲಿ, ಯಾರಾದರೂ ಮುಳುಗುತ್ತಿದ್ದರೆ ಅವರ ಹಿಂದೆ ನೀರಿಗೆ ಹಾರದೆ ಕೂಗಿ ಜನ ಸೇರಿಸಿ, ದಡದಿಂದಲೇ ಹಗ್ಗವನ್ನೋ ಅಡಿಕೆ ಕೊಯ್ಯುವ ದೋಟಿಯನ್ನೋ ಚಾಚಬೇಕೆಂಬುದನ್ನು ನೀವೂ ಕಲಿಯಿರಿ, ಅವಳಿಗೂ ಕಲಿಸಿರಿ.

ಇನ್ನೊಂದು ಕೋರಿಕೆ. ಅವಳನ್ನು ಸೇರಿಸುವ ದಿನ ಮಹಿಳೆಯರ ತರಗತಿಯ ಸಮಯವನ್ನೂ ವಿಚಾರಿಸಿ ಬನ್ನಿ. ನಾನು ಮೊದಲ ಸಲ ನೀರಿಗಿಳಿದಾಗ ನನಗೆ 41 ವರ್ಷ. ಕಂಬಿ ಬಿಟ್ಟು ತೇಲಲು ಹನ್ನೊಂದು ದಿನ ಬೇಕಾಯಿತು.