ಎಲ್‌ಸಿಡಿಗೆ ಬರೆದಾಗಲೆಲ್ಲ ಸ್ಟೆಪರ್ ಮೋಟರ್ ತಡವರಿಸುತ್ತದೆ, ಟೈಮರ್ ಇಂಟರಪ್ಟ್ ಹಾಕಿದರೆ ಸರಿಹೋಗುತ್ತಾ?

ಸರಿಹೋಗುತ್ತದೆ. ಟೈಮರ್ ಇಂಟರಪ್ಟ್ ಅಂದರೆ ಚಿಪ್‌ನ ಒಳಗಿನ ಗಡಿಯಾರ ನಿಗದಿತ ಹೊತ್ತಿಗೊಮ್ಮೆ ನಡೆಯುತ್ತಿರುವ ಕೆಲಸ ತಡೆದು ಒಂದು ಸಣ್ಣ ಕೋಡ್ ಓಡಿಸುವುದು. ಆರ್ಡುಯಿನೊ ಊನೊ ಬೋರ್ಡ್‌ನಲ್ಲಿ ಎರಡು ಎ4988 ಡ್ರೈವರ್ (ಮೋಟರ್ ಓಡಿಸುವ ಚಿಪ್), ಲೂಪ್‌ನಲ್ಲಿ ಡಿಲೇ ಹಾಕಿ ಸ್ಟೆಪ್ (ಮೋಟರ್ ಒಂದು ಹೆಜ್ಜೆ ಸರಿಯುವ ಸೂಚನೆ) ಕೊಡುವುದು, ಐ2ಸಿ (ಎರಡು ತಂತಿಯ ಸಂಪರ್ಕ) ಎಲ್‌ಸಿಡಿಗೆ ಬರೆದ ಕೂಡಲೇ ಮೋಟರ್ 'ಟಕ್' ಅನ್ನುವುದು. ನೀವು ಹೇಳಿದ್ದೆಲ್ಲ ನನಗೂ ಆಗಿದೆ.

ಕಾಯಿಲ್ ಸುತ್ತುವ ಸಣ್ಣ ಯಂತ್ರ ಮಾಡುತ್ತಿದ್ದೆ. ಒಂದು ಮೋಟರ್ ಬಾಬಿನ್ ತಿರುಗಿಸಬೇಕು, ಇನ್ನೊಂದು ತಂತಿಯನ್ನು ಪಕ್ಕಕ್ಕೆ ಸರಿಸಬೇಕು. ಎಲ್‌ಸಿಡಿಗೆ ಒಂದು ಸಾಲು ಬರೆಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಸ್ಟೆಪ್ ಇಲ್ಲ. ಜೋರಾಗಿ ತಿರುಗುತ್ತಿದ್ದ ಬಾಬಿನ್ ಗಕ್ಕನೆ ನಿಂತು ಹದ ತಪ್ಪುತ್ತಿತ್ತು. ಸುತ್ತಿದ ತಂತಿ ನೋಡಿದರೆ ಎಲ್‌ಸಿಡಿ ಯಾವಾಗ ಬದಲಾಯಿತು ಅಂತ ಹೇಳಬಹುದಿತ್ತು, ಅಲ್ಲೆಲ್ಲ ಸಂದು!

ನಾನು ಮಾಡಿದ್ದು ಇಷ್ಟು. ಟೈಮರ್1 ಅನ್ನು ಸಿಟಿಸಿ ಮೋಡ್‌ಗೆ (ಗುರಿ ಸಂಖ್ಯೆ ಮುಟ್ಟಿದೊಡನೆ ಸೊನ್ನೆಗೆ ಮರಳುವ ಬಗೆ) ಹಾಕಿ, ಪ್ರಿಸ್ಕೇಲರ್ (ಗಡಿಯಾರದ ವೇಗವನ್ನು ಭಾಗಿಸುವ ಸಂಖ್ಯೆ) 8 ಇಟ್ಟೆ. 16 ಮೆಗಾಹರ್ಟ್ಸ್ ಚಿಪ್‌ನಲ್ಲಿ ಒಂದು ಎಣಿಕೆ ಅರ್ಧ ಮೈಕ್ರೋಸೆಕೆಂಡ್ ಆಗುತ್ತದೆ. ಆ ಗುರಿ ಸಂಖ್ಯೆ ಇಡುವ ಓಸಿಆರ್1ಎಗೆ 99 ಬರೆದರೆ (ಸೊನ್ನೆಯಿಂದ ಎಣಿಸುವುದರಿಂದ 100 ಅಲ್ಲ) ಪ್ರತಿ 50 ಮೈಕ್ರೋಸೆಕೆಂಡಿಗೆ ಒಂದು ಇಂಟರಪ್ಟ್, ಅಂದರೆ ಸೆಕೆಂಡಿಗೆ 20,000. ಒಂದೊಂದು ಮೋಟರ್‌ಗೂ ಒಂದು 16 ಬಿಟ್ ಡಬ್ಬಿ (65,535ರವರೆಗೆ ಹಿಡಿಸುವ ವೇರಿಯಬಲ್). ಪ್ರತಿ ಇಂಟರಪ್ಟ್‌ನಲ್ಲಿ ಅದಕ್ಕೆ ವೇಗದ ಸಂಖ್ಯೆ ಸೇರಿಸಿ, ಡಬ್ಬಿ ತುಂಬಿ ಉಕ್ಕಿದಾಗ ಒಂದು ಸ್ಟೆಪ್. ಸೆಕೆಂಡಿಗೆ 1000 ಸ್ಟೆಪ್ ಬೇಕಾದರೆ ಸೇರಿಸಬೇಕಾದ್ದು 3277. ಎರಡೂ ಮೋಟರ್ ಒಂದೇ ಗಡಿಯಾರಕ್ಕೆ ಕಟ್ಟಿಕೊಳ್ಳುವುದರಿಂದ ಅವುಗಳ ಅನುಪಾತ ಕೆಡುವುದಿಲ್ಲ.

ಇದಕ್ಕೂ ಒಂದು ಮಿತಿ ಇದೆ. ಸೆಕೆಂಡಿಗೆ 8000 ಸ್ಟೆಪ್ ಕೇಳಿದರೆ ಒಂದಕ್ಕೆ ಎರಡೂವರೆ ಇಂಟರಪ್ಟ್ ಬರುತ್ತದೆ. ಆಗ ಅಂತರ ಒಮ್ಮೆ 100, ಒಮ್ಮೆ 150 ಮೈಕ್ರೋಸೆಕೆಂಡ್ ಆಗಿ ಮೋಟರ್ ಒರಟಾಗಿ ಗುರುಗುಡುತ್ತದೆ. ಒಂದೇ ಮೋಟರ್ ಇದ್ದರೆ ಪ್ರತಿ ಸ್ಟೆಪ್‌ಗೆ ಓಸಿಆರ್1ಎ ಬದಲಿಸುವುದೇ ವಾಸಿ. ಆದರೆ ಅದನ್ನು ಇಂಟರಪ್ಟ್ ಒಳಗೇ ಬದಲಿಸಿ. ಲೂಪ್‌ನಿಂದ ಬರೆದು ನಾನು ಎರಡು ರಾತ್ರಿ ಕಳೆದುಕೊಂಡೆ. ಎಣಿಕೆ ಆಗಲೇ 300 ದಾಟಿರುವಾಗ ನೀವು 200 ಬರೆದರೆ, ಟೈಮರ್ 65,535ರವರೆಗೂ ಹೋಗಿ ಸೊನ್ನೆಗೆ ಮರಳಬೇಕು. ಸುಮಾರು 33 ಮಿಲಿಸೆಕೆಂಡ್ ಮೋಟರ್ ಸುಮ್ನೆ ನಿಲ್ಲುತ್ತದೆ.

ಇಂಟರಪ್ಟ್ ಒಳಗೆ ಡಿಜಿಟಲ್‌ರೈಟ್ (ಪಿನ್ ಏರಿಸಿ ಇಳಿಸುವ ನಿಧಾನದ ಆಜ್ಞೆ) ಬೇಡ, ನೇರ ಪೋರ್ಟ್‌ಗೆ ಬರೆಯಿರಿ. ಎ4988ಗೆ ಪಲ್ಸ್ ಕನಿಷ್ಠ 1 ಮೈಕ್ರೋಸೆಕೆಂಡ್ ಇರಬೇಕಲ್ವಾ, ಅದಕ್ಕೆ ಮೊದಲು ಪಿನ್ ಏರಿಸಿ, ಲೆಕ್ಕವೆಲ್ಲ ಮುಗಿಸಿ, ಕೊನೆಗೆ ಇಳಿಸಿ. ಸೀರಿಯಲ್ ಪ್ರಿಂಟ್ ಅಂತೂ ಒಳಗೆ ತರಲೇಬೇಡಿ.

ಸ್ಥಾನದ ವೇರಿಯಬಲ್‌ಗೆ 'ವೊಲಟೈಲ್' (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಹಾಕಿದರೆ ಸಾಕು ಅಂದುಕೊಳ್ಳಬೇಡಿ. ಇದು 8 ಬಿಟ್ ಚಿಪ್, ದೊಡ್ಡ ಸಂಖ್ಯೆಯನ್ನು ತುಂಡು ತುಂಡಾಗಿ ಓದುತ್ತದೆ. ಸಂಖ್ಯೆ 255ರಿಂದ 256ಕ್ಕೆ ಹೋಗುವಾಗ ನಡುವೆ ಇಂಟರಪ್ಟ್ ಬಂದರೆ ನಿಮಗೆ 511 ಸಿಗಬಹುದು. ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ, ನಕಲು ಮಾಡಿಕೊಂಡು, ಮತ್ತೆ ಬಿಡಿ.

ಸರ್ವೋ ಲೈಬ್ರರಿ ಬಳಸುತ್ತಿದ್ದರೆ ಜೋಪಾನ, ಊನೊದಲ್ಲಿ ಅದಕ್ಕೂ ಟೈಮರ್1 ಬೇಕು. 9 ಮತ್ತು 10ನೇ ಪಿನ್‌ನ ಪಿಡಬ್ಲ್ಯೂಎಂ (ಪಲ್ಸ್‌ನ ಅಗಲ ಬದಲಿಸಿ ಔಟ್‌ಪುಟ್ ಹೆಚ್ಚು ಕಡಿಮೆ ಮಾಡುವುದು) ಕೂಡ ಹೋಗುತ್ತದೆ. ಇನ್ನು, ಮೋಟರ್ ಜಾಸ್ತಿ ವೇಗದಲ್ಲೇ ಶುರುವಾಗಲಿ ಅಂತ ಬಿಟ್ಟರೆ ಕಿರುಗುಟ್ಟಿ ನಿಂತುಬಿಡುತ್ತದೆ. ಆ ವೇಗದ ಸಂಖ್ಯೆಯನ್ನು ಕೆಲವು ಮಿಲಿಸೆಕೆಂಡಿಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸಿ, ನಿಲ್ಲಿಸುವಾಗಲೂ ಹಾಗೆಯೇ ಇಳಿಸಿ.