ಹುತ್ತರಿ ಇದೆ, ನೋಡಿ ಟೀಚರ್

ಕೊಡಗಿನ ಸುಂಟಿಕೊಪ್ಪ ಕಡೆಯ ನಿವೃತ್ತ ಟೀಚರ್ ಒಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಕಳೆದ ಸಂಚಿಕೆಯಲ್ಲಿ ನಮ್ಮ ವಿಮರ್ಶಕರು ಮೆಚ್ಚಿದ ಕಥಾಸಂಕಲನವನ್ನು ಅವರು ತರಿಸಿಕೊಂಡು ಓದಿದರಂತೆ. ಕಕ್ಕಡ ತಿಂಗಳ ಮಳೆ, ಕರೆಂಟ್ ಬೇರೆ ಇಲ್ಲ. ‘ನಿದ್ದೆ ಹತ್ತಲಿಲ್ಲ. ಎಲ್ಲಿ ನೋಡಿದರೂ ಸಾವು, ಸಾಲ, ಗುಡ್ಡ ಕುಸಿತ. ನಮ್ಮೂರಲ್ಲಿ ನಗುವವರೇ ಇಲ್ವಾ? ನಮ್ಮ ಸುಗ್ಗಿ ಹಬ್ಬ ಹುತ್ತರಿ ಎಲ್ಲಿ ಹೋಯಿತು? ಹಿಂದಿನವರು ಹೀಗೆ ಬರೆಯುತ್ತಿರಲಿಲ್ಲ. ಬರೆದವರ ಮನಸ್ಸು ನೆಟ್ಟಗಿದೆಯಾ? ಮಕ್ಕಳ ಕೈಗೆ ಇದನ್ನು ಹೇಗೆ ಕೊಡುವುದು?’ ಎಂದು ಕೇಳಿದ್ದಾರೆ.

ಟೀಚರ್, ಸಾಲಗಾರ ಬೆಳೆಗಾರನ ಕತೆ ನನಗೂ ಹಿಡಿಸಲಿಲ್ಲ. ಮೆಣಸಿನ ಬಳ್ಳಿಗೆ ರೋಗ ಬಂತು, ಬ್ಯಾಂಕಿನವರು ಬಂದರು, ಅವನು ಸತ್ತ. ಅವನಿಗೆ ಯಾರ ಮೇಲೆ ಪ್ರೀತಿ, ಯಾರ ಮೇಲೆ ಸಿಟ್ಟು, ಒಂದೂ ಗೊತ್ತಾಗುವುದಿಲ್ಲ. ಸಾಯಿಸಲೆಂದೇ ಹುಟ್ಟಿಸಿದ ಪಾತ್ರ ಅದು. ಹೇಗೆ ಸತ್ತ ಅನ್ನುವುದನ್ನು ಅಷ್ಟು ಬಿಡಿಸಿ ಹೇಳುವ ಅಗತ್ಯವಂತೂ ಇರಲೇ ಇಲ್ಲ. ಆನೆ ದಾಳಿಯ ಕತೆಯಲ್ಲೂ ನಮ್ಮನ್ನು ಬೆಚ್ಚಿಬೀಳಿಸುವ ಆತುರವೇ ಜಾಸ್ತಿ.

ಆದರೆ ಹುತ್ತರಿ ಎಲ್ಲಿ ಅಂತ ಕೇಳಿದಿರಲ್ಲ, ಅದು ಇದೆ. ಐದನೆಯ ಕತೆ ಇನ್ನೊಮ್ಮೆ ತೆಗೆದು ನೋಡಿ. ಕುಟುಂಬದ ಹಳೆಯ ಮೂಲಮನೆಯಾದ ಐನ್‌ಮನೆಯಲ್ಲಿ ಅಜ್ಜಿ ಒಬ್ಬಳೇ. ಒಬ್ಬ ಮಗ ಮಿಲಿಟರಿಯಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ. ಗದ್ದೆ ಪಾಳು ಬಿದ್ದು ಎಷ್ಟೋ ಕಾಲವಾಗಿದೆ. ಮನೆಯ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯಲ್ಲಿ ಕೂತು ಹಬ್ಬದ ಎಲೆಕಟ್ಟು, ಅಂದರೆ ನೆರೆ, ಕಟ್ಟುವಾಗ ಐದು ಬಗೆಯ ಎಲೆಗಳಲ್ಲಿ ಒಂದು ಯಾವುದೆಂದು ಅವಳಿಗೆ ಮರೆತುಹೋಗುತ್ತದೆ. ಕೇಳೋಣವೆಂದರೆ ಮನೆಯಲ್ಲಿ ಇನ್ನೊಬ್ಬರಿಲ್ಲ. ಕದಿರು ತೆಗೆಯಲು ಸ್ವಂತ ಪೈರಿಲ್ಲ. ಪಕ್ಕದವರ ಗದ್ದೆಯಿಂದ ಒಂದು ಹಿಡಿ ತೆನೆ ತರಿಸುತ್ತಾಳೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಪುಟ್ಟ ಹುಡುಗನನ್ನು ಕೂಲಿಗಳ ಲೈನ್‌ಮನೆಯಿಂದ ಕರೆಸಿ, ಹೆಚ್ಚಲಿ ದೇವರೇ ಅನ್ನುವ ‘ಪೊಲಿ ಪೊಲಿ ದೇವಾ’ ಕೂಗಲು ಹೇಳಿಕೊಡುತ್ತಾಳೆ. ಅವನಿಗೆ ನಾಲಿಗೆ ತಿರುಗುವುದಿಲ್ಲ. ಅಜ್ಜಿ ಬಿಡುವುದಿಲ್ಲ. ಕೊನೆಗೆ ಇಬ್ಬರೂ ನಗುತ್ತಾರೆ.

ನೀವು ಕೇಳಿದ ನಗು ಇಲ್ಲೇ ಇದೆ. ಈ ಕತೆಯಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಅಳುವುದಿಲ್ಲ. ಒಂದು ಒಕ್ಕ, ಅಂದರೆ ಒಂದು ಮನೆತನ, ಅಲ್ಲಿಗೆ ಮುಗಿಯುತ್ತಿದೆ ಅಂತ ಒಂದು ಸಾಲೂ ಇಲ್ಲ. ಆದರೂ ನನ್ನನ್ನು ಕೇಳಿದರೆ, ಇಡೀ ಪುಸ್ತಕದಲ್ಲಿ ಇದಕ್ಕಿಂತ ಕತ್ತಲೆಯ ಕತೆ ಇನ್ನೊಂದಿಲ್ಲ. ಹೆಣ ಎಷ್ಟು ಬಿತ್ತು ಅನ್ನುವುದರಿಂದ ಕತೆ ಕತ್ತಲಾಗುವುದಿಲ್ಲ. ಕತೆಗಾರ್ತಿ ಎಷ್ಟು ಹತ್ತಿರ ಹೋಗಿ ನೋಡಿದ್ದಾರೆ ಅನ್ನುವುದು ಮುಖ್ಯ, ಅಲ್ವಾ?

ಲೈನ್‌ಮನೆಯ ಕತೆಯೂ ಅಂಥದ್ದೇ. ಯರವ ಬುಡಕಟ್ಟಿನ ಹುಡುಗನ ತಾಯಿ ರಾತ್ರಿ ತೀರಿಕೊಳ್ಳುತ್ತಾಳೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಟ್ಟವನಲ್ಲ. ಗುಂಡಿ ತೋಡಲು ಆಳು ಕಳಿಸುತ್ತಾನೆ, ಖರ್ಚಿಗೆ ದುಡ್ಡು ಕೊಡುತ್ತಾನೆ. ಆಮೇಲೆ ಆ ದುಡ್ಡನ್ನು ಹುಡುಗನ ಮುಂಗಡದ ಲೆಕ್ಕಕ್ಕೆ ಸೇರಿಸಿ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಬಂದಿಲ್ಲ’ ಅಂತ ಬರೆಯುತ್ತಾನೆ. ಕಾಫಿ ಹೂವಿನ ಘಮ, ಮಂಜು, ಜಲಪಾತ ಎಲ್ಲ ನಿಜವೇ. ಆದರೆ ಆ ಹಾಜರಿ ಪುಸ್ತಕವನ್ನು ನಮಗೆ ತೆರೆದು ತೋರಿಸುವವರು ಬಹಳ ಕಡಿಮೆ.

ಇನ್ನು ಹಿಂದಿನವರ ಮಾತು. ಹಳೆಯ ಕತೆಗಾರ್ತಿ ಕೊಡಗಿನ ಗೌರಮ್ಮ ಬಾಳಿದ್ದು ನಿಮ್ಮ ಪಕ್ಕದ ಗುಂಡುಗುತ್ತಿಯಲ್ಲೇ. 1912ರಲ್ಲಿ ಹುಟ್ಟಿದ ಅವರು 1939ರಲ್ಲಿ, ಬರೀ 27ನೇ ವಯಸ್ಸಿಗೆ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಷ್ಟರೊಳಗೆ ಅವರು ಬರೆದ ಕತೆಗಳನ್ನು ತೆಗೆದು ನೋಡಿ. ವಿಧವೆಯರ ಗೋಳು, ನಂಬಿ ಮೋಸಹೋದ ಹೆಂಗಸರ ಪಾಡು ಎಲ್ಲ ಅಲ್ಲಿವೆ. ಅವರ ಸಂಕಲನಕ್ಕೆ ‘ಕಂಬನಿ’ ಸುಮ್ನೆ ಇಟ್ಟ ಹೆಸರಲ್ಲ. ಹಾಗಂತ ಅವರು ಮಂಕಾಗಿ ಕೂತವರಲ್ಲ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟ ಗಟ್ಟಿಗಿತ್ತಿ. ದುಃಖವನ್ನು ಬರೆದವರ ಮನಸ್ಸಿನ ಬಗ್ಗೆ ಅನುಮಾನಪಡುವ ಮೊದಲು ದಯವಿಟ್ಟು ಅವರನ್ನು ನೆನಪಿಸಿಕೊಳ್ಳಿ.

ಮಕ್ಕಳ ವಿಷಯಕ್ಕೆ ಬಂದರೆ, ಪಿಯುಸಿ ದಾಟಿದವರು ಓದಲಿ. ಹೈಸ್ಕೂಲಿನವರಿಗೆ ಹುತ್ತರಿಯ ಕತೆಯೊಂದನ್ನು ನೀವೇ ಓದಿ ಹೇಳಿದರೆ ಸಾಕು.

ಗುಡ್ಡ ಕುಸಿತದ ಕತೆಯ ಬಗ್ಗೆ ಮಾತ್ರ ನಾನು ನಿಮ್ಮ ಜೊತೆ ವಾದಕ್ಕೆ ಇಳಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಮನೆ, ತೋಟ, ತಮ್ಮವರನ್ನು ಕಳೆದುಕೊಂಡವರಿಗೆ ಆ ಪುಟಗಳನ್ನು ಓದದೇ ಇರುವ ಹಕ್ಕಿದೆ. ‘ಮರೆಯಲು ನೋಡುತ್ತಿದ್ದೇವೆ, ಮತ್ತೆ ಕೆದಕಬೇಡಿ’ ಅಂತ ನೀವು ಬರೆದದ್ದನ್ನು ಕತೆಗಾರ್ತಿಗೂ ತಲುಪಿಸಿದ್ದೇನೆ.

ಅದೇ ಕಾಗದದ ಕೊನೆಯಲ್ಲಿ ಒಂದು ಸಾಲು ಇದೆ. ಪರಿಹಾರ ಕೇಂದ್ರದಲ್ಲಿ ರಾತ್ರಿ ಮಳೆ ಜೋರಾದಾಗಲೆಲ್ಲ ಮಕ್ಕಳು ಎದ್ದು ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದರು ಅಂತ. ಆ ಪುಸ್ತಕದಲ್ಲಿ ಇಂಥ ಸಾಲು ಇಲ್ಲ. ಮನಸ್ಸು ಬಂದಾಗ ಅದನ್ನು ಪೂರ್ತಿ ಬರೆದು ಕಳಿಸಿ. ಹುತ್ತರಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಹೆಸರು ಬೇಡವೆಂದರೆ ಆಗಲೂ ಹಾಕುವುದಿಲ್ಲ.

– ಸಂಪಾದಕ