ಮಂಗಳೂರು ವಿಮಾನ ದುರಂತಕ್ಕೆ ನಿಜವಾದ ಕಾರಣ ಏನು?

ಟೇಬಲ್‌ಟಾಪ್ ರನ್‌ವೇಯೇ (ಗುಡ್ಡದ ಮೇಲೆ ಸಮತಟ್ಟು ಮಾಡಿ ಕಟ್ಟಿದ, ಅಂಚಿನಾಚೆ ಕಮರಿ ಇರುವ ರನ್‌ವೇ) ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ಅದು ಅರ್ಧ ಸತ್ಯ ಅಷ್ಟೇ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು.

ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದರು. ಎದ್ದ ಮೇಲೂ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಅನ್ನುತ್ತದೆ ತನಿಖಾ ವರದಿ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ 'ಗೋ ಅರೌಂಡ್' ಅಂದರು, ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಅಂತ. ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಗಲೂ ಜೋರಾಗಿ ಬ್ರೇಕ್ ಹಾಕಿದ್ದರೆ ನಿಲ್ಲುತ್ತಿತ್ತೇನೋ. ಅವರು ಮತ್ತೆ ಮೇಲೇರಲು ನೋಡಿದರು.

ಹಾಗಾಗಿ ನನ್ನ ಪ್ರಕಾರ ಮೊದಲ ಪಾಠ ರನ್‌ವೇಯದ್ದಲ್ಲ, ಕಾಕ್‌ಪಿಟ್‌ನದ್ದು. ಕಿರಿಯರು ಬೇಡ ಅಂದರೆ ಹಿರಿಯರು ತಕ್ಷಣ ಕೇಳಬೇಕು. ಕೇಳದಿದ್ದರೆ ಸುಮ್ನೆ ಕೂರದೆ ಕಂಟ್ರೋಲ್ ಕೈಗೆ ತಗೊಳ್ಳುವ ಧೈರ್ಯವನ್ನು ತರಬೇತಿಯಲ್ಲೇ ಕೊಡಬೇಕು. 2020ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ವಿಮಾನ ರನ್‌ವೇ ದಾಟಿ 21 ಜನ ಸತ್ತಾಗಲೂ ಸಹ ಪೈಲಟ್ 'ಗೋ ಅರೌಂಡ್' ಅಂದಿದ್ದರು.